ಸಹಿ ಇಲ್ಲದ ಪ್ರತಿ

ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಮುದುಕರೊಬ್ಬರಿದ್ದರು. ಕಿವಿಯ ಮೇಲೆ ಸದಾ ಮಸಿಯಲ್ಲಿ ಅದ್ದಿ ಬರೆಯುವ ಟಾಕು, ಬಾಯಲ್ಲಿ ಒಂದೇ ಮಾತು: "ಸಹಿ ಮಾಡು ತಮ್ಮಾ, ಸಹಿ."

ನಾನು ಕಲಿತದ್ದು ಮೂರನೇ ಇಯತ್ತೆ. ಆದರೂ ಲಾವಣಿ ಬರೆದು ಅಚ್ಚು ಹಾಕಿಸಿದೆ. ಯಾರಾದರೂ ಕದ್ದು ತಮ್ಮ ಹೆಸರು ಹಾಕಿಕೊಂಡಾರು ಎಂಬ ದಿಗಿಲು ಬೇರೆ. ಕದಿಯುವಂಥದ್ದು ಅದರಲ್ಲೇನಿತ್ತೋ! ಅದಕ್ಕೇ ಆ ಮುದುಕರು ಮೊದಲ ಪುಟದಲ್ಲಿ ಒಂದು ಸಾಲು ಜೋಡಿಸಿದರು: "ಕವಿಯ ಸಹಿ ಇಲ್ಲದ ಪ್ರತಿ ಕಳವಿನದು." ನನ್ನ ಎದೆ ಉಬ್ಬಿತು. ಆದರೆ ಇಪ್ಪತ್ತು ಪ್ರತಿಗೆ ಸಹಿ ಮಾಡುವಷ್ಟರಲ್ಲಿ ಕೈ ಸೋತಿತು. ಉಳಿದವನ್ನು ಹಾಗೇ ಕಟ್ಟಿಕೊಂಡು ಸಂತೆಗೆ ಹೋದೆ.

ಗಿರಾಕಿಯೊಬ್ಬ ಪುಟ ತೆರೆದವನೇ ನನ್ನ ತೋಳು ಹಿಡಿದ.

"ಸಹಿ ಎಲ್ಲೈತಲೇ? ಕಳವಿನ ಮಾಲು ಮಾರಾಕತ್ತಿಯೇನು?"

"ಬರದಾಂವ ನಾನ ರೀ!"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಈ ಮಾರಿಗೆ ಲಾವಣಿ ಬರ್ತಾವೇನು?" ಎಂದು ನಕ್ಕು ಪೊಲೀಸನನ್ನು ಕೂಗಿದ.

ಪೊಲೀಸ್ ಚೌಕಿಯಲ್ಲಿ ಕೂತು ಮುದುಕರಿಗೆ ಹೇಳಿ ಕಳಿಸಿದೆ. ಬಂದರು.

"ಇದನ್ನ ಬರದಾಂವ ಇವನ ಏನ್ರಿ?" ಎಂದು ಪೊಲೀಸ ಕೇಳಿದ.

ಅವರು ಕಿವಿಯ ಟಾಕು ತೆಗೆದು ನನ್ನ ಕೈಗಿಟ್ಟರು. ಚೌಕಿಯ ಮಸಿ ದೌತಿಯನ್ನು ಮುಂದಕ್ಕೆ ಸರಿಸಿದರು.

"ಸಹಿ ಮಾಡು ತಮ್ಮಾ, ಸಹಿ."

ನಾನು ಒಂದೊಂದಕ್ಕೂ ಗೀಚಿದೆ. ಅವರು ಊದಿ ಮಸಿ ಆರಿಸಿ ಒಟ್ಟುತ್ತ ಹೋದರು. ಕೊನೆಯ ಪ್ರತಿ ಮುಗಿದ ಮೇಲೆಯೇ ಪೊಲೀಸನ ಕಡೆ ತಿರುಗಿದರು.

"ಈಗ ಬಿಡ್ರಿ ಸಾಹೇಬ್ರ. ಈಗ ಇಂವ ಕಳ್ಳ ಅಲ್ಲ."