ಲಗ್ನಪತ್ರಿಕೆಯ ಹಿಂದೆ ಬರೆದ ಆಕರಗಳು

ಮೊನ್ನೆ ಮನೆಗೆ ಒಂದು ಲಗ್ನಪತ್ರಿಕೆ ಬಂತು. ಕೊಟ್ಟವರು ಇನ್ನೂ ಎದುರಿಗೆ ಕೂತಿರುವಾಗಲೇ ನಾನು ಅದನ್ನು ತಿರುಗಿಸಿ ಹಿಂಬದಿ ನೋಡಿದೆ. ವಧು ಯಾರು, ವರ ಯಾರು, ಊಟ ಎಲ್ಲಿ ಎಂದು ನೋಡುವುದು ಬಿಟ್ಟು ಈ ಮುದುಕ ಪತ್ರಿಕೆಯ ಬೆನ್ನು ನೋಡುತ್ತಾನಲ್ಲ ಎಂದು ಅವರಿಗೆ ಬೇಸರವಾಗಿರಬೇಕು. ಏನು ಮಾಡಲಿ, ಹಳೆಯ ಚಟ. ಹಿಂಬದಿಯ ತುಂಬ ಬಂಗಾರದ ಬಣ್ಣದ ಬಳ್ಳಿ, ಅದರ ಮೇಲೊಂದು ನುಣುಪು, ಪೆನ್ನು ನಿಲ್ಲುವಂತಿಲ್ಲ. ಮೂಲೆಗೆ ಹಚ್ಚಿದ ಅರಿಷಿಣದ ವಾಸನೆ ಮಾತ್ರ ಅಂದಿನದೇ. ಆ ವಾಸನೆಗೆ ನಿಮಗೆಲ್ಲ ಹೋಳಿಗೆ ನೆನಪಾಗುತ್ತದೆ. ನನಗೆ ಗ್ರಂಥಋಣ ನೆನಪಾಗುತ್ತದೆ.

ಗ್ರಂಥಋಣವೆಂದರೆ ಗೊತ್ತಲ್ಲ? ಪಿಎಚ್.ಡಿ. ಪ್ರಬಂಧದ ಕೊನೆಗೆ, ಯಾವ ಯಾವ ಪುಸ್ತಕದಿಂದ, ಯಾರು ಯಾರ ಬಾಯಿಂದ ಏನೇನು ತೆಗೆದುಕೊಂಡೆ ಎಂದು ಒಪ್ಪಿಕೊಳ್ಳುವ ಪಟ್ಟಿ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬೆಳಗಾವಿಯಲ್ಲಿ ಒಂದು ಖೋಲಿ ಹಿಡಿದುಕೊಂಡು ಅಂಥದೊಂದು ಪ್ರಬಂಧ ಬರೆಯುತ್ತಿದ್ದೆ. ವಿಷಯ, ಖಾನಾಪುರ ಭಾಗದ ಸಂತೆಗಳು. ಈ ವಿಷಯವನ್ನೇ ಏಕೆ ಆರಿಸಿಕೊಂಡೆ ಎಂದು ಸಂದರ್ಶನದಲ್ಲಿ ಕೇಳಿದಾಗ ಗ್ರಾಮೀಣ ಆರ್ಥಿಕತೆ ಎಂದೆಲ್ಲ ದೊಡ್ಡ ಮಾತು ಆಡಿದ್ದೆ. ಖರೇ ಕಾರಣವೆಂದರೆ ನಮ್ಮ ಊರು ಖಾನಾಪುರ. ಅವ್ವನ ಕೈಯ ರೊಟ್ಟಿ ತಿಂದು ಬಂದರೂ ಅದು ಕ್ಷೇತ್ರಕಾರ್ಯ ಎನ್ನಿಸಿಕೊಳ್ಳುತ್ತಿತ್ತು.

ನನ್ನ ಮಾರ್ಗದರ್ಶಕರು ದೇಸಾಯಿ ಸರ್. ತೆಳ್ಳಗಿನ ಆಳು, ದಪ್ಪ ಕನ್ನಡಕ. ಯಾವ ಪ್ರಬಂಧ ಕೊಟ್ಟರೂ ಮೊದಲು ಕೊನೆಯ ಪುಟ ತೆರೆಯುವರು. "ಮನಿ ನೋಡಬೇಕಂದ್ರ ಹಿತ್ತಲಾ ನೋಡಬೇಕು. ಅಂಗಳಾ ಎಲ್ಲಾರೂ ಸಾರಿಸಿರ್ತಾರ," ಎನ್ನುವರು. ನನ್ನ ಹಿತ್ತಲಿನಲ್ಲಿ ಅವರಿಗೆ ಯಾವಾಗಲೂ ಏನಾದರೊಂದು ಕಸ ಸಿಗುತ್ತಿತ್ತು.

ಒಮ್ಮೆ ನಾನು "ನಂದಗಡದ ಸಂತೆಯು ಬಹು ಪ್ರಾಚೀನವಾದುದೆಂದು ತಿಳಿದುಬರುತ್ತದೆ" ಎಂದು ಬರೆದುಕೊಂಡು ಹೋದೆ. ಸರ್ 'ತಿಳಿದುಬರುತ್ತದೆ'ಯ ಕೆಳಗೆ ಕೆಂಪು ಗೆರೆ ಎಳೆದರು.

"ಯಾರಿಗೆ ತಿಳೀತು? ಯಾರು ಹೇಳಿದ್ರು?"

ನಾನು ಒಂದು ಪುಸ್ತಕ ತೋರಿಸಿದೆ. ಆ ಪುಸ್ತಕ ಇನ್ನೊಂದು ಪುಸ್ತಕದ ಕಡೆ ಬೆರಳು ಮಾಡಿತ್ತು. ಹುಡುಕಿ ಅದನ್ನು ತೆರೆದರೆ ಅದು ಸುತ್ತಿ ಬಳಸಿ ಮೊದಲಿನ ಪುಸ್ತಕದ ಕಡೆಗೇ ಬೆರಳು ಮಾಡಿತ್ತು. ಸರ್‌ಗೆ ಬಹಳ ಸಂತೋಷವಾಯಿತು.

"ನೋಡು, ಇಂವ ಅವನ ಹೆಗಲ ಮ್ಯಾಲೆ ಕುಂತಾನ, ಅಂವ ಇವನ ಹೆಗಲ ಮ್ಯಾಲೆ ಕುಂತಾನ. ನೆಲದ ಮ್ಯಾಲೆ ನಿಂತಾವ ಯಾರು? ನಂದಗಡಕ್ಕ ಹೋಗು. ಸಂತಿ ದಿವಸ ಹೋಗಿ ಕೇಳು."

ಹೋದೆ. ಬೆಲ್ಲದ ವ್ಯಾಪಾರಿಯೊಬ್ಬ ನಾನು ಕೇಳಿದ ಪ್ರತಿ ಪ್ರಶ್ನೆಗೂ ಒಂದೊಂದು ತುಣುಕು ಬೆಲ್ಲ ಕೊಟ್ಟ, ಉತ್ತರ ಮಾತ್ರ ಕೊಡಲಿಲ್ಲ. ಕಡೆಗೆ ಪ್ರಬಂಧದಲ್ಲಿ 'ಬಹು ಪ್ರಾಚೀನ' ಹೋಗಿ 'ಹಿರಿಯರ ನೆನಪಿನಲ್ಲಿ ಇರುವಷ್ಟು ಹಳೆಯದು' ಎಂದಾಯಿತು. ಅಷ್ಟಕ್ಕೇ ಸರ್ ಆ ದಿನ ನನಗೆ ಚಹ ಕುಡಿಸಿದರು.

ಅವರ ಇನ್ನೊಂದು ಕಟ್ಟಳೆಯೆಂದರೆ, ಒಂದು ಆಕರಕ್ಕೆ ಒಂದು ಕಾರ್ಡು. ಬರೆದವರ ಹೆಸರು, ಪುಸ್ತಕ, ಪುಟ ಎಲ್ಲ ಅದರಲ್ಲಿ ಇರಬೇಕು. ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸಿ ಪೆಟ್ಟಿಗೆಯಲ್ಲಿ ಇಡಬೇಕು. ಹೊಸ ಕಾರ್ಡು ಕೊಳ್ಳುವ ಶಕ್ತಿ ನಮಗಾರಿಗೂ ಇರಲಿಲ್ಲ. ಒಬ್ಬ ಹಳೆಯ ಕ್ಯಾಲೆಂಡರ್ ಕತ್ತರಿಸಿಕೊಂಡಿದ್ದ, ಇನ್ನೊಬ್ಬ ಸಿಗರೇಟು ಪಾಕೀಟು ಬಿಡಿಸಿಕೊಂಡಿದ್ದ. ಅವನ ಗ್ರಂಥಋಣ ಬೆಳೆದಂತೆ ಕೆಮ್ಮೂ ಬೆಳೆಯಿತು. ಲಗ್ನಪತ್ರಿಕೆಗಳು ನನಗೆ ಒಲಿದು ಬಂದವು. ಆಗಿನ ಪತ್ರಿಕೆಗಳಿಗೆ ಒಂದೇ ಬದಿಗೆ ಅಚ್ಚು, ಕಾಗದ ದಪ್ಪ, ಹಿಂಬದಿ ಪೂರ್ತಿ ಖಾಲಿ.

ಸಂತೆಯವರನ್ನು ಕೇಳುವ ಪ್ರಶ್ನಾವಳಿ ಅಚ್ಚು ಹಾಕಿಸಲು ನಾನು ಈರಪ್ಪನವರ ಸಣ್ಣ ಪ್ರೆಸ್ಸಿಗೆ ಹೋಗಿದ್ದೆ. ಅಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವಳು ಅವರ ಮಗಳು ಕಸ್ತೂರಿ. ಮೂಲೆಯಲ್ಲಿ ಸುತಳಿ ಕಟ್ಟಿದ ಲಗ್ನಪತ್ರಿಕೆಯ ದೊಡ್ಡ ಗಂಟು ಬಿದ್ದಿತ್ತು. ನನ್ನ ಕಣ್ಣು ಅದರ ಮೇಲೇ ನೆಟ್ಟದ್ದನ್ನು ಅವಳು ನೋಡಿದಳು.

"ಬೇಕಾದ್ರ ಒಯ್ಯಿರಿ. ಹಿಂದ ಖಾಲಿ ಅದಾವ," ಎಂದಳು.

"ಯಾರ ಲಗ್ನದವು?"

"ನಂದಽ. ಆಗಲಿಲ್ಲ ಅದು."

ಎತ್ತಿಕೊಂಡಿದ್ದ ಗಂಟನ್ನು ಕಾಲ ಮೇಲೆ ಕೆಡವಿಕೊಂಡೆ. ಅವಳು ನಕ್ಕಳು. ಹಂಚುವುದಕ್ಕೆಂದು ಮೂಲೆಗಳಿಗೆ ಅರಿಷಿಣ ಹಚ್ಚಿಯೂ ಆಗಿದ್ದ ಪತ್ರಿಕೆಗಳು ಅವು. ಏಕೆ ಆಗಲಿಲ್ಲ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕುಂಟುತ್ತ ಖೋಲಿಗೆ ಬಂದೆ.

ಅಂದಿನಿಂದ ನನ್ನ ಪೆಟ್ಟಿಗೆಯಲ್ಲಿ ಒಂದು ಬದಿಗೆ ಸಂತೆ, ಇನ್ನೊಂದು ಬದಿಗೆ 'ಚಿ. ಸೌ. ಕಾಂ. ಕಸ್ತೂರಿ'. ಓದುತ್ತ ಕುಳಿತರೆ ಕೈ ತಾನೇ ಕಾರ್ಡನ್ನು ತಿರುವುತ್ತಿತ್ತು. ಎಲ್ಲ ಕಾರ್ಡಿನ ಹಿಂದೆಯೂ ಅದೇ ಹೆಸರು ಎಂದು ಗೊತ್ತಿದ್ದೂ ತಿರುವುತ್ತಿದ್ದೆ, ನಗಬೇಡಿ. ದೇಸಾಯಿ ಸರ್ ಕೂಡ ಒಮ್ಮೆ ತಿರುವಿ, ಕನ್ನಡಕ ಮೇಲೇರಿಸಿ ಓದಿ, "ಈ ಕಡೀದು ಹೆಚ್ಚು ಮನಸ ಕೊಟ್ಟು ಓದೀಯಂತ ಕಾಣತದ," ಎಂದರು. ಪ್ರಶ್ನಾವಳಿಯಲ್ಲಿ ತಪ್ಪು ಹುಡುಕಿಕೊಂಡು, ತಪ್ಪಿಲ್ಲದಿದ್ದರೆ ಒಂದು ಮಾಡಿಕೊಂಡು, ಮತ್ತೆ ಮತ್ತೆ ಪ್ರೆಸ್ಸಿಗೆ ಹೋದೆ. ಕಡೆಗೊಂದು ದಿನ ಕಸ್ತೂರಿಯನ್ನು, ನನ್ನನ್ನು ಮದುವೆಯಾಗುವೆಯಾ ಎಂದು ಕೇಳಿದೆ. "ಮೊದಲ ನಿಮ್ಮ ಅವ್ವಾರನ್ನ ಕೇಳಿಕೊಂಡ ಬರ್ರಿ. ಆಮ್ಯಾಲೆ ನನ್ನ ಕೇಳ್ರಿ," ಎಂದಳು. ನನಗೆ ಅವಳನ್ನು ಬಿಟ್ಟು ಬೇರೆ ಯಾರೂ ಬೇಕಿರಲಿಲ್ಲ. ಆದರೆ ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವಳು ಅವ್ವ. ಅವಳ ಮನಸ್ಸು ಮುರಿದು ಮದುವೆಯಾಗುವ ಎದೆಯೂ ನನಗಿರಲಿಲ್ಲ.

ಖಾನಾಪುರಕ್ಕೆ ಹೋಗಿ ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಆ ಪತ್ರಿಕಿ ಹುಡುಗಿಯೇನು? ಬ್ಯಾಡ ತಮ್ಮಾ. ಆಕೀಗೆ ಫಿಟ್ಸ್ ಬರತಾವಂತ. ಅದಕ್ಕಽ ಲಗ್ನ ಮುರೀತಂತ. ಊರಾಗೆಲ್ಲಾ ಅಂತಾರ."

ಬೇರೆ ಹುಡುಗನಾಗಿದ್ದರೆ ಊಟ ಬಿಡುತ್ತಿದ್ದ, ಇಲ್ಲವೆ ಸಿಟ್ಟಾಗುತ್ತಿದ್ದ. ನಾನು ದೇಸಾಯಿ ಸರ್ ಶಿಷ್ಯ. ನನ್ನ ಬಾಯಿಂದ ಬಂದದ್ದು ಒಂದೇ ಮಾತು: "ಯಾರು ಹೇಳಿದ್ರು?"

"ಬಾಜೂ ಮನಿ ಗಿರಿಜಕ್ಕ."

ರೊಟ್ಟಿ ತಿಂದವನೇ ಗಿರಿಜಕ್ಕನ ಮನೆಗೆ ಹೋದೆ. ಸಂತೆಯಲ್ಲಿ ಕೇಳಿ ಕೇಳಿ ನಾಲಗೆ ಪಳಗಿತ್ತು. ಗಿರಿಜಕ್ಕ ಮೊದಲು "ಎಲ್ಲಾರೂ ಅಂತಾರಪಾ" ಎಂದಳು. ಎಲ್ಲಾರೂ ಎಂದರೆ ಯಾರು ಎಂದೆ. ಬಹಳ ಹೊತ್ತು ಎಲೆ ಅಡಿಕೆ ಜಗಿದು, ಬಳೆ ತೊಡಿಸಲು ಬರುವ ಬೀಬಿಜಾನ್ ಹೇಳಿದಳು ಎಂದಳು. "ಆಕಿ ಫಿಟ್ಸ್ ಅನಲಿಲ್ಲ ಬಿಡು. ದವಾಖಾನಿಗೆ ಹಾಕಿದ್ರು ಅಂದ್ಲು. ವಯಸಿನ ಹುಡುಗೀನ ದವಾಖಾನಿಗೆ ಹಾಕ್ಯಾರಂದ್ರ ಮತ್ತೇನಿರತದ?"

ಬೀಬಿಜಾನ್ ತನ್ನ ಮನೆಯ ಕಟ್ಟೆಯ ಮೇಲೆ ಬಳೆ ಆರಿಸುತ್ತ ಕೂತಿದ್ದಳು. "ಐಸಾಚ್ ಬೋಲ್ತೇಂ ಬೇಟಾ," ಎಂದಳು. ಯಾರು ಬೋಲ್ತೇಂ ಎಂದು ಹಿಡಿದುಕೊಂಡೆ. ಸ್ಟೇಷನ್ ಕಡೆಯ ಮಾಲತಿಬಾಯಿ ಎಂದಳು. "ಆಕೀಗೆ ಜಡ್ಡು ಅಂತ ಬಾಯಾರು ಅಂದ್ರು. ಜಡ್ಡು ಆದ್ರ ದವಾಖಾನಿಗೆ ಹೋಗ್ತಾರ, ಮತ್ತ ಮನ್ಯಾಗ ಕುಂದರ್ತಾರೇನು? ಅದಕ್ಕ ನಾ ಹಂಗ ಅಂದೆ."

ನೋಡಿ, ಒಂದು ಊರು, ಮೂರು ಭಾಷೆ. ಕನ್ನಡದಲ್ಲಿ 'ಅಂತಾರ', ಉರ್ದುವಿನಲ್ಲಿ 'ಬೋಲ್ತೇಂ', ಇನ್ನು ಮರಾಠಿಯ ಮಾಲತಿಬಾಯಿ ಬಾಗಿಲಲ್ಲೇ "ಅಸಂ ಮ್ಹಣತಾತ" ಎಂದರು. ಹಾಗೆ ಅನ್ನುತ್ತಾರೆ, ಅಷ್ಟೆ. ಮೂರರಲ್ಲಿಯೂ ಮಾತು ಇದೆ, ಆಡಿದವರಿಲ್ಲ. ನನಗೆ ಹುಟ್ಟಿದ್ದು ಸಿಟ್ಟೋ ಹುಮ್ಮಸ್ಸೋ ಈಗ ಹೇಳಲಾರೆ; ಪ್ರಬಂಧಕ್ಕಾಗಿ ಅಷ್ಟು ಆಸ್ಥೆಯಿಂದ ನಾನು ಎಂದೂ ತಿರುಗಿರಲಿಲ್ಲ.

"ಮಾವಶಿ, ನಿಮಗ ಯಾರು ಹೇಳಿದ್ರು?"

ಮಾಲತಿಬಾಯಿ ನನ್ನನ್ನು ವಿಚಿತ್ರವಾಗಿ ನೋಡಿದರು. "ಅರೇ, ನಿಮ್ಮ ಆಯಿನಽ, ನಿಮ್ಮ ಅವ್ವನಽ ಹೇಳಿದ್ರಲ್ಲೋ. ಹಪ್ಪಳಾ ಮಾಡಾಕ ಬಂದಾಗ. ಆ ಹುಡುಗಿಗೆ ಏನರ ಜಡ್ಡು ಗಿಡ್ಡು ಇತ್ತೇನೋ ಅಂದ್ರು."

ಅವ್ವ ನಡುಮನೆಯಲ್ಲಿ ಕೂತು ಕಾಳು ಹಸನ ಮಾಡುತ್ತಿದ್ದಳು. ನಾನು ಗಿರಿಜಕ್ಕನಿಂದ ಮಾಲತಿಬಾಯಿಯವರೆಗೆ ಒಂದೂ ಬಿಡದೆ ಒಪ್ಪಿಸಿದೆ. ಹಿಂದೆ ನಾನು ಪೆಟ್ಟಿಗೆ ತಂದಾಗ ಅವ್ವ ಪತ್ರಿಕೆ ನೋಡಿ, ಪಾಪ ಯಾಕ ಮುರೀತೋ ಏನೋ ಎಂದು ಮರುಗಿದ್ದಳು. ಆ ಮರುಕವನ್ನೇ ಮಾಲತಿಬಾಯಿಯ ಮುಂದೆಯೂ ಆಡಿದ್ದಳು. ಅವಳ 'ಇತ್ತೇನೋ' ಊರು ಸುತ್ತಿ, ದವಾಖಾನೆಗೆ ಹೋಗಿ, ಫಿಟ್ಸ್ ಹತ್ತಿಸಿಕೊಂಡು ಅವಳ ಮನೆಗೇ ತಿರುಗಿ ಬಂದಿತ್ತು. ತನ್ನದೇ ಮಾತೆಂದು ಅವಳಿಗೆ ಗುರುತು ಸಿಕ್ಕಿರಲಿಲ್ಲ.

ಅವ್ವ ಮೊರವನ್ನು ಕೆಳಗಿಟ್ಟಳು. ಆಮೇಲೆ, "ಖರೇ ಏನಂತ ಆಕೀನ ಯಾರರ ಕೇಳ್ಯಾರೇನು?" ಎಂದಳು.

"ಇಲ್ಲ."

"ನೀ?"

"ನಾನೂ ಇಲ್ಲ."

"ಛಲೋ ಕಲಿತೀ ಬಿಡು. ನಾಳೆ ಹೋಗೂಣು."

ಮರುದಿನ ಅವ್ವ ಬುಟ್ಟಿಯಲ್ಲಿ ಚುರಮುರಿ ಉಂಡಿ ಕಟ್ಟಿಕೊಂಡು ನನ್ನೊಡನೆ ಬೆಳಗಾವಿಗೆ ಬಂದಳು. ಪ್ರೆಸ್ಸಿನಲ್ಲಿ ಈರಪ್ಪನವರು ಗಡಬಡಿಸಿ ಎದ್ದು, "ಬರ್ರಿ, ಕುಂದರ್ರಿ" ಎಂದರು. ಅವ್ವ ಕೂರಲಿಲ್ಲ. ನೆಟ್ಟಗೆ ಕಸ್ತೂರಿಯ ಹತ್ತಿರ ಹೋಗಿ, "ನಿನ್ನ ಲಗ್ನ ಯಾಕ ಮುರೀತು ತಂಗಿ? ಬ್ಯಾರೆ ಯಾರನ್ನೂ ಕೇಳೂದಿಲ್ಲ, ನಿನ್ನಽ ಕೇಳತೀನಿ," ಎಂದಳು.

ಕಸ್ತೂರಿ ಕೈಯೊರೆಸಿಕೊಂಡಳು. "ಮುರೀಲಿಲ್ಲರೀ ಅವ್ವಾರ, ನಾನಽ ಒಲ್ಲೆ ಅಂದೆ. ಪತ್ರಿಕಿ ಅಚ್ಚಾದ ಮ್ಯಾಲೆ ಹುಡುಗನ ಕಡಿಯವರು ಬಂದಿದ್ರು. ಲಗ್ನಾದ ಮ್ಯಾಲೆ ಮೊಳಿ ಮುಟ್ಟಬಾರದು ಅಂದ್ರು. ಆ ಪತ್ರಿಕಿ ಜೋಡಿಸಿದಾಕಿನಽ ನಾನು. ಈ ಕೆಲಸ ಬಿಟ್ಟು ನಾ ಇರಾಕಿ ಅಲ್ಲ ಅಂದೆ. ಅಪ್ಪ ನಾಕ ದಿನಾ ಮಾತು ಬಿಟ್ಟಿದ್ರು. ಆಮ್ಯಾಲೆ, ಒಲ್ಲೆ ಅಂದ್ರ ಒಲ್ಲೆ ಬಿಡು ಅಂದ್ರು."

ಅವ್ವ ಕಸ್ತೂರಿಯ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳ ತುದಿಗಳೆಲ್ಲ ಕಪ್ಪು.

"ನಿನ್ನ ಒಂದ ಮಾತು ಕೇಳಿದ್ರಲ್ಲ ಯವ್ವಾ, ಅದಽ ದೊಡ್ಡದು," ಎಂದಳು. "ನನ್ನ ಯಾರೂ ಕೇಳಿರಲಿಲ್ಲ."

ನಮ್ಮನಿಗೆ ಬರ್ತೀಯೇನು ಎಂದು ಕೇಳಿ, ಅವಳು ಹೂಂ ಎಂದು ತಲೆಯಾಡಿಸಿದ ಮೇಲೆ ಉಂಡಿಯ ಬುಟ್ಟಿ ಅವಳ ಕೈಗೆ ಕೊಟ್ಟಳು. ಮಾತು ಮುಗಿಯಿತು ಎಂದು ಈರಪ್ಪನವರಿಗೂ ನನಗೂ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ತಿರುಗಿ ಬರುವಾಗ ರೈಲಿನಲ್ಲಿ ಅವ್ವ ಕಿಟಕಿಯ ಬಳಿ ಕೂತಿದ್ದಳು. ನಿನ್ನನ್ನು ಕೇಳಿದ್ದರೆ ಏನೆನ್ನುತ್ತಿದ್ದೆ ಎಂದೆ. "ಹೂಂ ಅಂತಿದ್ದೆ. ನಿಮ್ಮಪ್ಪಾರು ಛಲೋ ಮನಶ್ಯಾ ಇದ್ರು. ಆದ್ರ ಕೇಳಬೇಕಿತ್ತು," ಎಂದು ಅವ್ವ ನನಗೆ ಹೇಳಿದಳು. ಮರುದಿನ ಮಾಲತಿಬಾಯಿ, ಬೀಬಿಜಾನ್, ಗಿರಿಜಕ್ಕ, ಅದೇ ದಾರಿ ಹಿಡಿದು ಮನೆಯಿಂದ ಮನೆಗೆ ಹೋಗಿ, "ನಾ ಅಂದದ್ದು ತಪ್ಪು, ಹುಡುಗಿ ಗಟ್ಟಿಮುಟ್ಟ ಅದಾಳ, ನಮ್ಮನಿಗೇ ಬರಾಕತ್ಯಾಳ" ಎಂದು ಹೇಳಿ ಬಂದಳು. ಪುಸ್ತಕದ ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಎಷ್ಟೋ ನೋಡಿದ್ದೇನೆ. ಕಾಲ್ನಡಿಗೆಯಲ್ಲಿ ಹೊರಟದ್ದನ್ನು ಅದೊಂದೇ ಸಲ ನೋಡಿದ್ದು.

ನಮ್ಮ ಲಗ್ನಪತ್ರಿಕೆಯನ್ನು ಕಸ್ತೂರಿಯೇ ಜೋಡಿಸಿದಳು, ಎರಡೂ ಬದಿಗೆ. ಇನ್ನೊಬ್ಬ ಪಿಎಚ್.ಡಿ. ಹುಡುಗ ಇದರ ಬೆನ್ನ ಮೇಲೆ ಬರೆಯಬಾರದಲ್ಲ ಎಂದಳು. ದೇಸಾಯಿ ಸರ್ ಮದುವೆಗೆ ಬಂದು ಅಕ್ಷತೆ ಹಾಕಿ, ನನ್ನ ಕಿವಿಯಲ್ಲಿ, "ಗ್ರಂಥಋಣದೊಳಗ ಇನ್ನೂ ಎರಡ ಕಡೆ ಪುಟದ ನಂಬರಿಲ್ಲ," ಎಂದು ಹೇಳಿ ಊಟಕ್ಕೆ ಹೋದರು. ಎಂಬತ್ತರ ಮೊದಲಿಗೆ ಪ್ರಬಂಧವೂ ಮುಗಿಯಿತು.

ಇದನ್ನೆಲ್ಲ ಬರೆದು ನಿನ್ನೆ ಕಸ್ತೂರಿಗೆ ಕೊಟ್ಟೆ. ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು. ಕರಡು ತಿದ್ದುವ ಕಣ್ಣು ಮಾತ್ರ ಹಾಗೆಯೇ ಇದೆ. ಕಾಮಾ ಇಟ್ಟು, ಕಾಮಾ ಕಿತ್ತು, ರೈಲಿನ ಸಾಲಿಗೆ ಬಂದು ನಿಂತಳು. ಅಲ್ಲಿ ನಾನು ಮೊದಲು 'ಕೇಳಿದ್ದರೂ ಅವ್ವ ಹೂಂ ಅನ್ನುತ್ತಿದ್ದಳು' ಎಂದಷ್ಟೇ ಬರೆದಿದ್ದೆ.

"ಇದು ಅತ್ತಿಯವರು ನಿಮಗ ಹೇಳಿದ್ದು," ಎಂದಳು. "ನೀವು ಮಗಾ. ನಿಮಗ ಮತ್ತೇನ ಹೇಳತಿದ್ರು? ನನಗ ಬ್ಯಾರೆ ಹೇಳ್ಯಾರ."

ಅವ್ವ ಹೋಗಿ ಇಷ್ಟು ವರ್ಷವಾದ ಮೇಲೆ ಇದು ನನ್ನ ಕಿವಿಗೆ ಬೀಳುತ್ತಿದೆ. "ಏನಂದಿದ್ಲು?" ಎಂದೆ.

"ಅದು ನನಗ ಹೇಳಿದ್ದು."

"ನಾ ಬರಿಯೂದಿಲ್ಲ, ಹೇಳು."

"ಬರಿಯೂದಿಲ್ಲಂದ್ರ ನಿಮಗ್ಯಾಕ ಬೇಕು?" ಎಂದು ಹಾಳೆಗಳನ್ನು ತಿರುಗಿ ಕೊಟ್ಟು ಒಳಗೆ ಹೋದಳು.

ನಾನು ಆ ಸಾಲು ಹೊಡೆದು ಹಾಕಿ, ಅವ್ವ ಆಡಿದ ಮಾತನ್ನು ಆಡಿದಂತೆಯೇ ಇಟ್ಟು, ಅದರ ಕೊನೆಗೆ 'ನನಗೆ ಹೇಳಿದಳು' ಎಂದು ಬರೆದೆ.