ಅತ್ತೆ ಯಾರ ಪಾಲಿಗೆ?

ಹೋದ ಶನಿವಾರ ಬೆಳಿಗ್ಗೆ ನಮ್ಮ ಮನೆಯ ಮುಂದೆ ಸಾಲಾಗಿ ಕಾರುಗಳು ನಿಂತದ್ದೇ ತಡ, ಪಕ್ಕದ ಮನೆಯ ಸರೋಜಾ ಕಾಂಪೌಂಡಿನ ಮೇಲೆ ಮುಖವಿಟ್ಟಳು.

"ಅಮ್ಮಾರ, ಯಾರನ್ನ ನೋಡಾಕ ಬಂದಾರ್ರಿ?"

ಅವಳ ತಪ್ಪೇನಿಲ್ಲ. ಕಾರಿನಿಂದ ಇಳಿದವರೆಲ್ಲ ಇಸ್ತ್ರಿ ಬಟ್ಟೆಯವರು. ನಡುವೆ ಒಬ್ಬ ಗಂಡು, ಒಬ್ಬಳು ಹೆಣ್ಣು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಒಳಗಿನಿಂದ ಮಿರ್ಚಿ ಕರಿಯುವ ವಾಸನೆ. ಹೊಸಪೇಟೆಯಲ್ಲಿ ಇದಕ್ಕೆ ಬೇರೆ ಅರ್ಥ ಇದೆಯೇ?

"ನೋಡಾಕಲ್ಲ ಸರೋಜಾ, ಬಿಡಾಕ ಬಂದಾರ" ಎಂದೆ.

ಮುಖ ಕೆಳಗಿಳಿಯಿತು. ಮರುಗಳಿಗೆಯಲ್ಲೇ ಮತ್ತೆ ಮೇಲೆ ಬಂತು. "ಹಂಗಾರ ಮಿರ್ಚಿ ಯಾಕ್ರಿ?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲೆಂದೇ ಈ ವಾರ ಕೂತಿದ್ದೇನೆ.

ಸುಮಾ ನಮ್ಮ ರಸ್ತೆಯ ಕೊನೆಯಲ್ಲಿ ಫಿಸಿಯೋಥೆರಪಿ ಕ್ಲಿನಿಕ್ ನಡೆಸುವ ಹುಡುಗಿ. ನನ್ನ ಎಡ ಮೊಣಕಾಲು ಇನ್ನೂ ನನ್ನ ಮಾತು ಕೇಳುತ್ತಿದ್ದರೆ ಅದು ಅವಳ ಪುಣ್ಯ. ಗಂಡ ಗಿರೀಶ್ ಸಂಡೂರಿನ ಗಣಿಯೊಂದರಲ್ಲಿ ಜಿಯಾಲಜಿಸ್ಟ್. ಅವನಿಗೆ ಅಲ್ಲೇ ಕ್ವಾರ್ಟರ್ಸ್ ಇದೆ. ವಾರಕ್ಕೊಮ್ಮೆ ಕೆಂಪು ಧೂಳಿನ ಸಮೇತ ಮನೆಗೆ ಬರುತ್ತಿದ್ದ. ಇಬ್ಬರೂ ಒಳ್ಳೆಯವರು. ಬೇರೆ ಬೇರೆ ಇದ್ದಾಗ ಬಹಳ ಒಳ್ಳೆಯವರು, ಒಂದೇ ಕೋಣೆಯಲ್ಲಿದ್ದಾಗ ಸ್ವಲ್ಪ ಕಡಿಮೆ. ಕುಡಿತ ಇಲ್ಲ, ಹೊಡೆತ ಇಲ್ಲ, ಮೂರನೆಯವರು ಇಲ್ಲ, ಮಕ್ಕಳೂ ಇಲ್ಲ. ಮಾತು ಮಾತ್ರ ಮುಗಿದುಹೋಗಿತ್ತು. ಬಿಡುವುದೆಂದು ಇಬ್ಬರೂ ಸೇರಿಯೇ ತೀರ್ಮಾನಿಸಿದರು. (ಅವರು ಸೇರಿ ತೀರ್ಮಾನಿಸಿದ್ದು ಅದೊಂದೇ ಎಂದು ನನ್ನ ಸೊಸೆ ರೂಪಾ ಹೇಳುತ್ತಾಳೆ.)

ಹೆಸರುಗಳನ್ನು ಬದಲಿಸಿದ್ದೇನೆ, ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗಿರೀಶನ ತಾಯಿ ಗಂಗಮ್ಮ ಮಾತ್ರ, "ನನ್ನ ಹೆಸರು ಹಂಗ ಇರ್ಲಿರಿ. ನಾ ಏನ್ ಕಳವು ಮಾಡೇನೇನು?" ಎಂದರು. ಹಾಗಾಗಿ ಗಂಗಮ್ಮ ಗಂಗಮ್ಮನೇ.

ಈಗ ಈ ಕಾರುಗಳ ವಿಷಯ. ಇದಕ್ಕೆ ಕೊಲಾಬರೇಟಿವ್ ಡೈವೋರ್ಸ್ ಎನ್ನುತ್ತಾರಂತೆ. ಅವಳ ಕಡೆಗೊಬ್ಬ ವಕೀಲರು, ಅವನ ಕಡೆಗೊಬ್ಬ ವಕೀಲೆ, ಬಳ್ಳಾರಿಯಿಂದ ಒಬ್ಬ ಕೌನ್ಸೆಲರ್ ಮೇಡಂ, ಲೆಕ್ಕಪತ್ರಕ್ಕೆ ಒಬ್ಬ ಸಿಎ. ಎಲ್ಲರೂ ಒಂದೇ ಮೇಜಿಗೆ ಕೂತು, ಇಬ್ಬರಿಗೂ ಒಪ್ಪುವ ಹಾಗೆ ಸಂಸಾರ ಬಿಚ್ಚುವುದು. ಕೊನೆಗೆ ಕೋರ್ಟಿಗೆ ಹೋಗಲೇಬೇಕು. ಆದರೆ ಜಗಳ ಹಿಡಿದುಕೊಂಡಲ್ಲ, ಒಪ್ಪಂದ ಹಿಡಿದುಕೊಂಡು.

ಅವನ ಮನೆಯೂ ಅಲ್ಲದ, ಅವಳ ಮನೆಯೂ ಅಲ್ಲದ ಜಾಗ ಬೇಕಿತ್ತು. ರೂಪಾ ನನ್ನನ್ನು ಕೇಳದೆಯೇ ನನ್ನ ಊಟದ ಮೇಜನ್ನು ಕೊಟ್ಟುಬಿಟ್ಟಳು. ನನ್ನವರು ಟಿ.ಬಿ. ಡ್ಯಾಂ ಕಾಲುವೆ ಆಫೀಸಿನಲ್ಲಿದ್ದಾಗ ಮಾಡಿಸಿದ ತೇಗದ ಮೇಜು. ಅದರ ಮೇಲೆ ನಾವಿಬ್ಬರು ಆಡದ ಜಗಳವಿಲ್ಲ. ಆಗೆಲ್ಲ ಅವರ ವಕೀಲೆಯೂ ನಾನೇ, ನನ್ನ ವಕೀಲೆಯೂ ನಾನೇ. ಜಡ್ಜ್‌ಮೆಂಟ್ ಯಾವಾಗಲೂ ನನ್ನ ಕಡೆಗೇ. ಪಾಪ, ಅಪೀಲಿಗೂ ಹೋಗಲಿಲ್ಲ ಆ ಮನುಷ್ಯ. ಈಗ ಯಾರ ಮೇಲೆ ಕೇಸು ಗೆಲ್ಲಲಿ?

ಇರಲಿ. ಬಂದವರೇ ವಕೀಲರಿಬ್ಬರೂ ಅಭ್ಯಾಸಬಲದಿಂದ ಮೇಜಿನ ಎರಡು ಕಡೆ ಹೋದರು, ತಮ್ಮ ತಮ್ಮ ಕಕ್ಷಿದಾರರನ್ನು ಪಕ್ಕಕ್ಕೆ ಕರೆದರು. ಕೌನ್ಸೆಲರ್ ಮೇಡಂ ಎಲ್ಲರನ್ನೂ ಎಬ್ಬಿಸಿದರು.

"ಹಂಗಲ್ರಿ. ಅವರಿಬ್ರೂ ಈ ಕಡೆ ಕುಂದ್ರಲಿ, ನಾವೆಲ್ಲ ಆ ಕಡೆ ಕುಂದ್ರೋಣ. ಎದುರಿಗೆ ಸಮಸ್ಯೆ ಇರಬೇಕು, ಗಂಡ-ಹೆಂಡ್ತಿ ಅಲ್ಲ."

ಬಿಡಲು ಬಂದವರು ಧಾರೆಗೆ ಕೂತವರ ಹಾಗೆ ಅಕ್ಕಪಕ್ಕ ಕೂತರು. ಸರೋಜಾ ನೋಡಿದ್ದರೆ ಅಕ್ಷತೆ ಹುಡುಕುತ್ತಿದ್ದಳು.

ಶುರುವಿಗೇ ಮೇಡಂ ಒಂದು ನಿಯಮ ಓದಿ ಹೇಳಿದರು. ಇಬ್ಬರಲ್ಲಿ ಯಾರಾದರೂ ಸಿಟ್ಟಾಗಿ "ಕೋರ್ಟಿನಲ್ಲೇ ನೋಡ್ಕೋತೀನಿ" ಎಂದರೆ ಅಲ್ಲಿಗೆ ಮುಗಿಯಿತು. ಈ ನಾಲ್ವರೂ ಎದ್ದು ಹೋಗಬೇಕು. ಹೊಸ ವಕೀಲರನ್ನು ಹುಡುಕಿ, ಮೊದಲಿನಿಂದ ಕಥೆ ಹೇಳಬೇಕು. ಎಂಥ ನಿಯಮ ನೋಡಿ! ಜಗಳ ಬೆಳೆದಷ್ಟೂ ಕೆಲಸ ಬೆಳೆಯುವವರನ್ನೇ ಕರೆದು, ಜಗಳವಾದರೆ ನಿಮಗೆ ಕೆಲಸವೇ ಇಲ್ಲ ಎನ್ನುವುದು. ಇದನ್ನು ಟಿವಿ ಚರ್ಚೆಯವರಿಗೂ ಹಾಕಬಾರದೇ?

ನನ್ನನ್ನು ಮೇಡಂ ಬಹಳ ನಯವಾಗಿ ಅಡುಗೆಮನೆಗೆ ಕಳಿಸಿದರು. ಅಲ್ಲಿ ಗಂಗಮ್ಮ ಆಗಲೇ ನನ್ನ ಒಲೆ ಹಿಡಿದಿದ್ದರು. ಕಂಪ್ಲಿಯ ಹೆಣ್ಣುಮಗಳು. ಗಂಡ ಹೋದ ಮೇಲೆ ಮಗ-ಸೊಸೆಯ ಮನೆಗೆ ಬಂದವರು ಸೊಸೆಯ ಕ್ಲಿನಿಕ್ಕನ್ನೇ ಆಳತೊಡಗಿದರು. ಬಾಗಿಲಲ್ಲಿ ಕುರ್ಚಿ ಹಾಕಿ ಕೂತು ಯಾರು ಮೊದಲು, ಯಾರು ಆಮೇಲೆ ಎಂದು ತೀರ್ಮಾನಿಸುವವರು ಅವರೇ. "ನಡೂ ನೋವು ಅಂತೀರಿ, ಅಂಗಡ್ಯಾಗ ದಿನಾ ಮೂಟಿ ಎತ್ತೋದು ಬಿಟ್ಟೀರೇನು?" ಎಂದು ಒಳಗೆ ಹೋಗುವ ಮೊದಲೇ ಅರ್ಧ ಚಿಕಿತ್ಸೆ ಮುಗಿಸುತ್ತಾರೆ.

"ಮನ್ಯಾಗ ಒಬ್ಬಾಕಿ ಕುಂತು ಏನ್ ಮಾಡ್ಲಿರಿ? ಇವರಿಗೆ ಹೊಟ್ಟಿಗೆ ಬೀಳ್ಲಿ ಅಂತ ಬಂದೆ. ಹಸಕೊಂಡವರು ನ್ಯಾಯ ಮಾಡಿದ್ರ ಅದು ನೆಟ್ಟಗ ಆಗಂಗಿಲ್ಲ" ಎಂದು ಮಿರ್ಚಿಯನ್ನು ಹಿಟ್ಟಿನಲ್ಲಿ ಅದ್ದಿದರು.

ನಮ್ಮ ಅಡುಗೆಮನೆಗೂ ಊಟದ ಕೋಣೆಗೂ ನಡುವೆ ತಟ್ಟೆ ದಾಟಿಸಲು ಒಂದು ಸಣ್ಣ ಕಿಟಕಿ ಇದೆ. ಕದ್ದು ಕೇಳುವುದು ಬ್ಯಾಡ್ ಮ್ಯಾನರ್ಸ್ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ನನಗಿನ್ನೂ ನೆನಪಿದೆ. ಆದರೆ ಕಿಟಕಿ ತೆರೆದೇ ಇತ್ತಲ್ಲ? ಅದನ್ನು ಕದಿಯುವುದು ಎನ್ನಲಾದೀತೇ?

ಬಾಡಿಗೆ ಮನೆ ಅವಳಿಗೆ. ಕಾರು ಅವನಿಗೆ. ಯಾರ ಒಡವೆ ಅವರಿಗೆ. ಸರಸರನೆ ಹೋಯಿತು. ಹಂಪಿಯಲ್ಲಿ ಮದುವೆಗೆ ಮುಂಚೆ ಬಂಡೆಗಳ ಮೇಲೆ ಹತ್ತಿ ಹತ್ತಿ ತೆಗೆಸಿದ ಫೋಟೋಗಳ ದೊಡ್ಡ ಆಲ್ಬಂ ಯಾರಿಗೆ ಎಂದಾಗ ಮಾತ್ರ ಇಬ್ಬರೂ, "ಅವರಿಗೇ ಇರ್ಲಿ" ಎಂದರು. ಅಷ್ಟು ಧಾರಾಳ ಬೇರೆ ಯಾವುದರಲ್ಲೂ ಕಾಣಲಿಲ್ಲ.

ಆಮೇಲೆ ಅವನ ವಕೀಲೆ ಓದಿದರು: "ಗಿರೀಶ್ ಅವರ ತಾಯಿ ಮಗನ ಜೊತೆ ಸಂಡೂರಿನಲ್ಲಿ ಇರತಕ್ಕದ್ದು." ಓದಿ ಮುಂದಿನ ಸಾಲಿಗೂ ಹೋದರು. ಯಾರೂ ತಲೆ ಎತ್ತಲಿಲ್ಲ. ಎತ್ತಲು ಏನಿದೆ? ತಾಯಿ ಮಗನ ಜೊತೆ ತಾನೇ?

ನನ್ನ ಪಕ್ಕದಲ್ಲಿ ಎಣ್ಣೆಯ ಚಟಪಟ ಬಿಟ್ಟು ಬೇರೆ ಸದ್ದಿಲ್ಲ. ತಿರುಗಿ ನೋಡಿದರೆ ಗಂಗಮ್ಮ ಇಲ್ಲ. ಕೈಯಲ್ಲಿ ಎಣ್ಣೆ ಸೋರುವ ಜಾಲರಿ ಸೌಟು ಹಿಡಿದು ಆಗಲೇ ಮೇಜಿನ ಮುಂದೆ ನಿಂತಿದ್ದರು.

"ಯಾರು ಹೇಳಿದ್ರವ್ವ ನಿನಗ, ನಾ ಸಂಡೂರಿಗೆ ಹೋಗ್ತೀನಂತ?"

ವಕೀಲೆ ತಬ್ಬಿಬ್ಬಾದರು. "ಯಾರೂ ಹೇಳಿಲ್ರಿ ಅಮ್ಮಾ... ಅದು ಹಂಗ ಅಲ್ರಿ?"

"ಹಂಗ ಅಲ್ಲ. ಇವ ಮುಂಜಾನೆ ಗಣಿಗೆ ಹೋದ್ರ ಕತ್ಲಾದ ಮ್ಯಾಲೆ ಬರಾಂವ. ಅಲ್ಲಿ ನಾ ಏನ್ ಮಾಡ್ಲಿ, ಗುಡ್ಡ ಎಣಿಸ್ಲೇನು? ನಾ ಸುಮಾನ ಹತ್ರಾನ ಇರಾಕಿ."

ಕೌನ್ಸೆಲರ್ ಮೇಡಂ ಸುಮಾಳತ್ತ ನೋಡಿದರು. ಬೆಳಗಿನಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗಿ ಈಗ ಟಿಶ್ಯೂ ಹುಡುಕುತ್ತಿದ್ದಳು. "ನಾ ಕೇಳ್ಬೇಕಂತಿದ್ದೆ ಮೇಡಂ. ಹೆಂಗ ಕೇಳೋದು? ಅವರು ಅವನ ತಾಯಿ."

ಗಿರೀಶನ ಮುಖ ಅದಿರಿನ ಬಣ್ಣಕ್ಕೆ ತಿರುಗಿತು. "ಅಂದ್ರ ಏನು? ನಮ್ಮವ್ವನ್ನ ನಾ ಸಾಕಾಕ ಆಗ್ದ ಬಿಟ್ಟ ಹೆಂಡ್ತಿ ಮನ್ಯಾಗ ಬಿಟ್ಟೆ ಅಂತ ಊರಾಗ ಅನ್ನಿಸ್ಕೊಳ್ಳೇನು? ಆಗಂಗಿಲ್ಲ. ಹಂಗಾರ ಕೋರ್ಟಿಗೇ ಹೋಗೋಣ ನಡೀರಿ!"

ಅಯ್ಯೋ, ಅಂದೇಬಿಟ್ಟ.

ವಕೀಲರಿಬ್ಬರೂ ಒಟ್ಟಿಗೇ ಪೆನ್ನಿನ ಕ್ಯಾಪ್ ಹಾಕಿದರು. ಸಿಎ ಲ್ಯಾಪ್‌ಟಾಪ್ ಮುಚ್ಚಿದರು. ಮೇಡಂ ಬ್ಯಾಗ್ ಹೆಗಲಿಗೇರಿಸಿದರು. ಒಬ್ಬರೂ ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ನಾಲ್ವರೂ ಸಾಲಾಗಿ ವರಾಂಡಕ್ಕೆ ನಡೆದು ಚಪ್ಪಲಿ ಹುಡುಕತೊಡಗಿದರು. (ಅದಕ್ಕೆ ಬಹಳ ಹೊತ್ತು ಹಿಡಿಯಿತು. ಒಂದು ಸ್ಯಾಂಡಲ್ಲಿನ ಬಕಲ್ ಹಾಕುವುದು ಅಷ್ಟು ಕಷ್ಟವೆಂದು ಮೇಡಂ ಅವರನ್ನು ನೋಡಿಯೇ ನನಗೆ ತಿಳಿದದ್ದು.)

ಮೇಜಿನ ಆ ಕಡೆ ಈಗ ಖಾಲಿ ಕುರ್ಚಿಗಳು. ಜಗಳ ಮುಂದುವರಿಸಲು ಗಿರೀಶನಿಗೆ ಎದುರಿಗೆ ಯಾರೂ ಇಲ್ಲ. ಪಕ್ಕದಲ್ಲಿ ಹೆಂಡತಿ, ಮುಂದೆ ಜಾಲರಿ ಹಿಡಿದ ತಾಯಿ. ದೊಡ್ಡ ಗಂಡಸು, ಸಣ್ಣ ಧ್ವನಿಯಲ್ಲಿ ಕೇಳಿದ:

"ಅವ್ವಾ, ಇಕಿ ಹೋಗ್ತಾಳಂತ ಒಪ್ಕೊಂಡೆ. ನೀನೂ ಇಕಿ ಕಡೆ ಅಂದ್ರ, ನನ್ನ ಕಡೆ ಯಾರದಾರ?"

ಓಹೋ. ಊರಿನವರ ಮಾತಲ್ಲ, ಇದು ವಿಷಯ.

ಗಂಗಮ್ಮ ಕುರ್ಚಿ ಎಳೆದು ಕೂತರು. "ಲೇ ಗಿರ್ಯಾ, ನಾ ನಿನ್ನ ಹಡದಾಕಿ. ಸಂಡೂರಾಗಿದ್ರೂ ನಿಮ್ಮವ್ವನ, ಕಂಪ್ಲ್ಯಾಗಿದ್ರೂ ನಿಮ್ಮವ್ವನ. ಅದನ್ನ ಯಾವ ಜಡ್ಜೂ ಬಿಡಿಸಂಗಿಲ್ಲ. ಆದ್ರ ಇಕೀಗೆ ನಾ ಏನು? ನೀ ಕಟ್ಟಿದ ತಾಳಿಗೆ ಅತ್ತಿ. ನಾಳೆ ಅದು ಹೋದ್ರ ಇಕಿ ನನ್ನ ಏನಂತ ಕರೀಬೇಕು? ಒಂದ ಮನ್ಯಾಗಿದ್ರ ಕರಿಯಾಕ ಹೆಸರ ಬೇಕಾಗಂಗಿಲ್ಲ."

ಆ ಮಾತು ಕೇಳಿ ಕಿಟಕಿಯ ಈಚೆಗೆ ನನ್ನ ಮನಸ್ಸು ಎಲ್ಲಿಗೋ ಹೋಯಿತು. ನನ್ನ ದೊಡ್ಡಣ್ಣನ ಹೆಂಡತಿ ದಿನಾ ಬೆಳಿಗ್ಗೆ ನನ್ನ ಎರಡು ಜಡೆ ಹೆಣೆದು, ರಿಬ್ಬನ್ ಕಟ್ಟಿ ಕಾನ್ವೆಂಟಿಗೆ ಕಳಿಸುತ್ತಿದ್ದರು. ಒಂದು ಸಲ ಸ್ಕೂಲಿನಿಂದ ಬಂದಾಗ ಅವರಿರಲಿಲ್ಲ. ಹಿರಿಯರು ಕೂತು ಮಾತಾಡಿ ತವರಿಗೆ ಕಳಿಸಿದ್ದರು. ಅಣ್ಣನಿಗೆ ಹೆಂಡತಿ ಬೇಡವಾಗಿತ್ತು, ಸರಿ. ನನಗೆ ಅತ್ತಿಗೆ ಬೇಕಿತ್ತಲ್ಲ? ಆ ಕಕ್ಷಿದಾರಳನ್ನು ಯಾರು ಕೇಳಿದರು? ಎಷ್ಟೋ ವರ್ಷಗಳ ಮೇಲೆ, ನನ್ನ ಕೂದಲೂ ನರೆತ ಮೇಲೆ, ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಏನೆಂದು ಕರೆಯಬೇಕೋ ತಿಳಿಯದೆ ಹಳೆಯ ಹೆಸರಿನಿಂದಲೇ "ಅತ್ತಿಗೇ" ಎಂದೆ. ತಿರುಗಿದರು. ಮೊದಲು ಕೈ ಹೋದದ್ದು ನನ್ನ ಜಡೆಗೆ.

ಅತ್ತ ಮೇಜಿನ ಹತ್ತಿರ ಸುಮಾ ಮಾತಾಡುತ್ತಿದ್ದಳು. "ಗಿರೀಶ್, ನಾ ಅವರನ್ನ ಕಿತ್ಕೊಳ್ಳಾಕ ಹತ್ತಿಲ್ಲ. ಭಾನುವಾರ ನೀ ಬಾ. ಅವ್ವನ ಕೈ ಊಟ ಮಾಡು, ನಿದ್ದಿ ಮಾಡು. ನಾ ರೂಪಾನ ಮನೀಗೆ ಹೋಗಿರ್ತೀನಿ." (ನಮ್ಮ ಮನೆಗೆ! ಮತ್ತೆ ನನ್ನನ್ನು ಯಾರೂ ಕೇಳಲಿಲ್ಲ.)

ಗಿರೀಶ ಮೇಜಿನ ಮರದ ಗೆರೆಗಳನ್ನೇ ಬೆರಳಿನಿಂದ ಸವರಿ ನೋಡಿದ. ಜಿಯಾಲಜಿಸ್ಟ್ ಅಲ್ಲವೇ, ಪದರ ನೋಡುವ ಅಭ್ಯಾಸ. ಕೊನೆಗೆ, "ಹಬ್ಬಕ್ಕರ ಸಂಡೂರಿಗೆ ಬರ್ತಿ ಹೌದಿಲ್ಲ?" ಎಂದ.

"ಬರ್ತೀನಿ. ಸೀರಿ ಕೆಂಪಾದ್ರ ನೀನ ಒಗೀಬೇಕು."

ಅವನು ಎದ್ದು ವರಾಂಡದ ಬಾಗಿಲಿಗೆ ಹೋಗಿ ನಿಂತ. "ಮೇಡಂ, ಕೋರ್ಟು ಬ್ಯಾಡ್ರಿ. ಸಿಟ್ಟಿನಾಗ ಅಂದೆ. ಒಳಗ ಬರ್ರಿ."

ಮೇಡಂ ಅವರ ಬಕಲ್ ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು.

ಮತ್ತೆ ಎಲ್ಲರೂ ಕೂತರು. ಈ ಸಲ ಗಂಗಮ್ಮನಿಗೂ ಕುರ್ಚಿ. ಅವರದೂ ಒಂದು ಷರತ್ತು ಇತ್ತು: "ಇಬ್ರಾಗ ಯಾರು ಮತ್ತ ಮದುವಿ ಆದ್ರೂ, ನೋಡಾಕ ಮೊದ್ಲು ನಾ ಹೋಗಾಕಿ." ಇಬ್ಬರೂ ಒಟ್ಟಿಗೆ "ಅವ್ವಾ!" "ಅತ್ತೀ!" ಎಂದು ಚೀರಿದರು. ಆಲ್ಬಂ ವಿಷಯ ಬಿಟ್ಟರೆ, ಬೆಳಗಿನಿಂದ ಅವರು ಒಂದೇ ಸ್ವರದಲ್ಲಿ ಆಡಿದ್ದು ಇದೊಂದೇ ಮಾತು.

ಸುಮಾಳ ವಕೀಲರು ಪೆನ್ನು ಹಿಡಿದು ಗಲ್ಲ ಕೆರೆದುಕೊಂಡರು. "ಗಂಗಮ್ಮಾರನ್ನ ಯಾವುದರ ಕೆಳಗ ಬರೀಲಿ ಸರ್?"

ಬೆಳಗಿನಿಂದ ತುಟಿ ಬಿಚ್ಚದ ಸಿಎ, "ಆಸ್ತಿಗೆ ಬರಂಗಿಲ್ಲ, ಸಾಲಕ್ಕೂ ಬರಂಗಿಲ್ಲ. ಸುಮ್ನ ಹೆಸರು ಬರೀರಿ" ಎಂದು ಮಿರ್ಚಿಗೆ ಕೈ ಹಾಕಿದರು.

ನನಗನ್ನಿಸಿದ್ದು ಇಷ್ಟೇ. ಕೋರ್ಟಿನಲ್ಲಿ ಹೋರಾಡಿದ್ದರೆ ಈ ಸೊಸೆಗೆ ಏನೇನೋ ಸಿಗುತ್ತಿತ್ತು, ಅತ್ತೆ ಸಿಗುತ್ತಿರಲಿಲ್ಲ. ಕೇಳಲು ಅಲ್ಲಿ ಜಾಗವೇ ಇಲ್ಲ. ನಾವು ಹಂಪಿಯ ಪಕ್ಕದವರು. ಮುರಿದ ಗೋಡೆಯಲ್ಲೂ ಕೆತ್ತನೆ ಚೆಂದ ಉಳಿದಿದ್ದರೆ ಕೈ ಹಿಡಿದು ತೋರಿಸುತ್ತೇವೆ. ಮದುವೆ ಮುರಿದರೆ ಮಾತ್ರ ಬುಲ್‌ಡೋಜರ್ ತರುತ್ತೇವೆ ಏಕೆ? ಗಂಡ-ಹೆಂಡತಿ ಎಂಬ ಒಂದು ಕಂಬ ಬಿತ್ತೆಂದು ಅತ್ತೆ, ನಾದಿನಿ, ಮೈದುನ ಎಲ್ಲರನ್ನೂ ಸಪಾಟು ಮಾಡಬೇಕೆ?

ಸರೋಜಾಳಿಗೆ ಮಿರ್ಚಿ ಯಾಕೆಂದು ಈಗ ತಿಳಿದಿರಬೇಕು. (ಒಂದು ತಟ್ಟೆ ಕಾಂಪೌಂಡಿನ ಮೇಲಿಂದ ದಾಟಿಸಿದೆ ಕೂಡ.)

ಮರುದಿನ ಬೆಳಿಗ್ಗೆ ರೂಪಾ ದೋಸೆ ಹುಯ್ಯುತ್ತಿದ್ದಳು. ಚಟ್ನಿ ಬಟ್ಟಲು ಆಗಲೇ ಮೇಜಿಗೆ ಬಂದಿತ್ತು. ಭಾನುವಾರ, ಒಳ್ಳೆಯ ಮೂಡಿನಲ್ಲಿದ್ದಳು. ಇದೇ ಸಮಯವೆಂದು ಸುಮ್ಮನೆ, ತಮಾಷೆಗೆ ಎಂಬಂತೆ ಕೇಳಿದೆ: "ಅಲ್ಲ ರೂಪಾ, ನಾಳೆ ನಿಮ್ಮಿಬ್ಬರಿಗೂ ಹಾಗೇನಾದರೂ ಆದರೆ, ನಿನ್ನ ಪಾಲಿಗೆ ನನ್ನನ್ನು ಕೇಳ್ತೀಯಾ?"

ಅವಳು ಖಾಲಿ ಮಿಕ್ಸಿ ಆನ್ ಮಾಡಿದಳು.