ಸದ್ದು ಕೇಳಿ ರೋಗ ಹೇಳುವ ಮಂಬೆತ್‌ಕುಲ್

ನರೀನ್ ಪೇಟೆಯಲ್ಲಿ ಬೈಕ್ ರಿಪೇರಿ ಮಾಡುವ ಮಂಬೆತ್‌ಕುಲ್‌ಗೆ ಬೈಕು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿದ್ದಿರುತ್ತದೆ. ಸೇತುವೆಯ ಆಚೆ ಕಿರ್ರೆಂದರೆ ಚಹಾದ ಬಟ್ಟಲು ಕೆಳಗಿಟ್ಟು "ಚೈನ್ ಒಣಗಿದೆ" ಎನ್ನುತ್ತಾನೆ. ಗೊರಗೊರ ಎಂದರೆ ಬೇರಿಂಗು, ಕಟಕಟ ಎಂದರೆ ಸವೆದ ಸ್ಪ್ರಾಕೆಟ್ಟು, ಚೈನ್ ಕೂರುವ ಹಲ್ಲುಚಕ್ರ. ಆಮೇಲೆ ಎಂಜಿನ್ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಖಾತ್ರಿ ಮಾಡಿಕೊಳ್ಳುತ್ತಾನೆ. ಚೈನಿಗೆ ಗ್ರೀಸು ಮೆತ್ತಿಕೊಂಡು ಬಂದವರಿಗೆ ಬೈಗುಳ ತಪ್ಪಿದ್ದಲ್ಲ: "ಧೂಳಿಗೆ ಔತಣ ಕೊಟ್ಟಿದ್ದೀಯಲ್ಲೋ! ಗೇರ್ ಎಣ್ಣೆ ಹಾಕು, ಹೆಚ್ಚಾದದ್ದನ್ನ ಒರೆಸು." ಕುರಿಗಾಹಿ ಎರ್ಮೆಕ್ ಒಮ್ಮೆ ಕುರಿಕೊಬ್ಬನ್ನೇ ಸವರಿಕೊಂಡು ಬಂದಿದ್ದ. "ಇದೇನು ಚೈನೋ, ಪಲಾವೋ?" ಎಂದು ಗದರಿ, ಸೀಮೆಎಣ್ಣೆಯಲ್ಲಿ ತೊಳೆದು, ಎಣ್ಣೆ ಬಿಟ್ಟು, ಟಣಟಣ ಬಡಿಯುತ್ತಿದ್ದ ಚೈನ್ ಕವರನ್ನೂ ಬಿಗಿಮಾಡಿ ಕಳಿಸಿದ. ಮೂರನೇ ದಿನ ಎರ್ಮೆಕ್ ತಲೆ ಕೆರೆದುಕೊಳ್ಳುತ್ತ ಮತ್ತೆ ಬಂದ. "ಮಂಬೆತ್ ಅಣ್ಣ, ಅಮ್ಮನಿಗೆ ಕಣ್ಣು ಕಾಣಲ್ಲ. ಆ ಟಣಟಣ ಕೇಳಿಯೇ ಬಂದವನು ನಾನು ಅಂತ ಗುರುತು ಹಿಡೀತಿದ್ಲು. ನಿನ್ನೆ ನಾನು ಒಳಗೆ ಕಾಲಿಟ್ಟಾಗ ಯಾರೋ ಅಂತ ಬೆಚ್ಚಿಬಿದ್ಲು." ಮೂವತ್ತು ವರ್ಷ ಸದ್ದು ಅಡಗಿಸಿಯೇ ಅನ್ನ ಉಂಡ ಮಂಬೆತ್‌ಕುಲ್ ಕವರಿನ ಒಂದು ಸ್ಕ್ರೂ ಅರ್ಧ ಸುತ್ತು ಸಡಿಲಿಸಿದ, ಬೆರಳಿಂದ ತಟ್ಟಿ ನೋಡಿದ, "ಇಷ್ಟು ಸಾಕಾ, ಅವಳಿಗೆ ಇನ್ನೂ ಸ್ವಲ್ಪ ಜೋರು ಬೇಕಾ?" ಎಂದು ಕೇಳಿದ.